ನನ್ನ ಹೆಸರಲ್ಲಿ ಆಡಿದ ಕಮ್ಮಾರ

ಅಯೋವಾ, ನವೆಂಬರ್ 1908

ಅಪ್ಪಾ,

ಈ ಸಾಲಿನ ಕೊನೆಯ ಫುಟ್‌ಬಾಲ್ ಪಂದ್ಯವನ್ನು ನಮ್ಮ ಕಾಲೇಜು ಗೆದ್ದಿತು. ನಾನು ಆಡಲಿಲ್ಲ. ತರಬೇತುದಾರ ಪ್ರೂಯಿಟ್ ರೈಲ್ವೆ ಕಾರ್ಖಾನೆಯ ಕಮ್ಮಾರನೊಬ್ಬನನ್ನು ಬಾಡಿಗೆಗೆ ಹಿಡಿದು, ನನ್ನ ಅಂಗಿ ತೊಡಿಸಿ, ನನ್ನ ಹೆಸರಲ್ಲೇ ಕಣಕ್ಕಿಳಿಸಿದ. ಮೂವತ್ತು ದಾಟಿದ ಬೋಳುತಲೆಯ ಆಸಾಮಿ!

“ಇದ್ಯಾವ ನ್ಯಾಯ ಸಾರ್?” ಎಂದೆ.

“ಎಲ್ಲಾ ಕಾಲೇಜೂ ಮಾಡೋದೇ ಕಣಯ್ಯಾ. ಪೇಪರ್‌ನಲ್ಲಿ ನಿನ್ ಹೆಸರೇ ತಾನೇ ಬರೋದು? ಬಾಯ್ಮುಚ್ಕೊಂಡು ಕೂತ್ಕೋ” ಎಂದ.

ಇಡೀ ವರ್ಷ ಕೆಸರಲ್ಲಿ ಬಿದ್ದೆದ್ದ ನಾನು ಕಂಬಳಿ ಹೊದ್ದು ಬೆಂಚಿನಲ್ಲಿ ಕೂತೆ. ಅವನು ಓಡಿದಾಗಲೆಲ್ಲ ಜನ “ಹಾಲ್ವರ್! ಹಾಲ್ವರ್!” ಎಂದು ಕೂಗುತ್ತಿದ್ದರೆ ಮೈಯೆಲ್ಲ ಉರಿಯುತ್ತಿತ್ತು.

ಆರೋಗ್ಯವಾಗಿದ್ದೇನೆ. ಮೈಮೇಲೆ ಒಂದು ಗೀರೂ ಇಲ್ಲ. ಪಂದ್ಯದ ಸುದ್ದಿಯನ್ನು ಕತ್ತರಿಸಿ ನಿಮ್ಮ ಕ್ಷೌರದಂಗಡಿಯ ಗೋಡೆಗೆ ಅಂಟಿಸಿದ್ದರೆ ಈಗಲೇ ಕಿತ್ತುಹಾಕಿ. ಟಪಾಲಿನ ರೈಲು ಬಂತು, ಕಾಗದ ಕೊಟ್ಟುಬಿಡುತ್ತೇನೆ.

ನಿಮ್ಮ ಅಸಲಿ ಹಾಲ್ವರ್