ಮುಖ ತಿಳಿಯಾದ ಮೇಲೆ

ಪದ್ಮನಾಭನಗರ
೧೭ ಜುಲೈ ೨೦೨೫

ಪ್ರೀತಿಯ ಅಮ್ಮ,

ನಿನ್ನ ದೊಡ್ಡ ಮಗಳ ಕಡೆಯಿಂದ ನಿನಗೆ ಇದೇ ಮೊದಲ ಕಾಗದ. ತಲಘಟ್ಟಪುರ ಇಲ್ಲಿಂದ ಅರ್ಧ ಗಂಟೆಯ ದಾರಿ, ಕೈಯಲ್ಲಿ ಫೋನ್ ಇದೆ, ಆದರೂ ಇದೇನು ಹೊಸ ಚಾಳಿ ಎಂದು ನೀನು ಬೈದುಕೊಳ್ಳುತ್ತೀ. ಬೈದುಕೋ, ಆದರೆ ಪೂರ್ತಿ ಓದು. ಕನ್ನಡಕ ಸಿಗಲಿಲ್ಲವೆಂದು ತಂಗಿ ಸಿಂಚನಾಳ ಕೈಗೆ ಕೊಟ್ಟು ಓದಿಸಬೇಡ. ಅವಳ ವಿಷಯವೂ ಇದರಲ್ಲಿದೆ.

ನಿನ್ನೆ ಅಪ್ಪ ನೀನು ಕಳಿಸಿದ ಪಥ್ಯದ ಊಟದ ಡಬ್ಬಿ ತಂದುಕೊಟ್ಟಾಗ ಒಂದು ಮಾತು ಹೇಳಿದರು. "ನಿನ್ ಫೋಟೋ ನೋಡ್ದಾಗಿಂದ ನಿಮ್ಮಮ್ಮ ಬೀದಿಗೆಲ್ಲಾ ಹೇಳ್ಕಂಡ್ ಬತ್ತಾವ್ಳೆ ಕಣವ್ವ, ನನ್ ಪಥ್ಯದಿಂದ್ಲೇ ಮುಖ ತಿಳಿಯಾಯ್ತು ಅಂತ. ಈಗ ಸಿಂಚನಂಗೂ ಅದ್ನೇ ಹಾಕ್ತಾವ್ಳೆ. ಮಗು ಊಟದ್ ಮುಂದೆ ಕೂತು ಅಳ್ತದೆ." ಅದನ್ನು ಕೇಳಿದ ಮೇಲೆ ನನಗೆ ಸುಮ್ಮನಿರಲು ಆಗಲಿಲ್ಲ.

ಅಮ್ಮ, ನನ್ನ ಮುಖ ತಿಳಿಯಾದದ್ದು ನಿನ್ನ ಪಥ್ಯದಿಂದ ಅಲ್ಲ.

ಹೋದ ವರ್ಷ ದಸರಾ ಸಮಯದಲ್ಲಿ ಮೊಡವೆ ಶುರುವಾದದ್ದು ನಿನಗೆ ನೆನಪಿದೆ. ಕಾಲೇಜಿನಲ್ಲಿದ್ದಾಗ ಒಂದೋ ಎರಡೋ ಬಂದು ಹೋಗುತ್ತಿದ್ದವು, ಇದು ಹಾಗಿರಲಿಲ್ಲ. ತಿಂಗಳೊಳಗೆ ಕೆನ್ನೆ, ಗದ್ದ, ಎದೆ, ಬೆನ್ನು ಎಲ್ಲಾ ಕಡೆ ಗಟ್ಟಿ ಗಂಟುಗಳು. ದಿಂಬಿಗೆ ಕೆನ್ನೆ ತಾಗಿದರೆ ಎಚ್ಚರವಾಗುತ್ತಿತ್ತು. ನೀನು ಉಷ್ಣ ಎಂದೆ. ಕಡಲೆಕಾಯಿ ನಿಲ್ಲಿಸಿದೆ. ಆಮೇಲೆ ಕೋಳಿ ಸಾರು, ಮೊಟ್ಟೆ, ಹಾಲು, ಒಗ್ಗರಣೆ. ಬೇವಿನ ಸೊಪ್ಪು ಅರೆದು ಹಚ್ಚಿದೆ, ಹರಳೆಣ್ಣೆ ಕುಡಿಸಿದೆ. ಅವರೆಕಾಯಿ ಕಾಲ ಬಂದಾಗ ಮನೆಯವರೆಲ್ಲ ಕೂತು ಬೇಳೆ ಹಿತುಕಿದೆವು. ಸಾರು ಕುದಿಯುವ ವಾಸನೆ ಇಡೀ ಮನೆಗೆ ಹರಡಿತ್ತು. ನನ್ನ ತಟ್ಟೆಗೆ ಮಾತ್ರ ನೀನು ಮಜ್ಜಿಗೆ ಅನ್ನ ಬಡಿಸಿದೆ. ಬಡಿಸುವಾಗ ನಿನ್ನ ಕಣ್ಣಲ್ಲಿ ನೀರಿತ್ತು. ನಾನು ನೋಡಿದೆ ಅಮ್ಮ. ಅದಕ್ಕೇ ತಟ್ಟೆ ಖಾಲಿ ಮಾಡಿ ಎದ್ದೆ.

ಅಷ್ಟು ಕಡಿಮೆ ತಿಂದರೂ ಮುಖ ಮಾತ್ರ ದುಂಡಗಾಗುತ್ತಾ ಹೋಯಿತು. ಗದ್ದದ ಮೇಲೆ ಕೂದಲು ಬಂತು. ಮುಟ್ಟು ನಿಂತಿತು. ಅದನ್ನು ನಿನಗೆ ಹೇಳಲಿಲ್ಲ. ಗಂಡು ನೋಡುತ್ತಿರುವ ಮನೆಯಲ್ಲಿ ಮುಟ್ಟು ನಿಂತಿದೆ ಎಂದರೆ ಏನೇನು ಅರ್ಥ ಬರುತ್ತದೋ ಎಂಬ ಭಯ.

ಸಂಕ್ರಾಂತಿ ಆದ ಮೇಲೆ ಆ ಕಗ್ಗಲೀಪುರದವರು ಬಂದರಲ್ಲ. ಹುಡುಗ ಒಂದೇ ಸಲ ನೋಡಿ ತಲೆ ತಗ್ಗಿಸಿಕೊಂಡ. ಅವನ ಅತ್ತೆ ಎಲ್ಲರ ಮುಂದೆ, "ಹುಡ್ಗಿಗೇನು ಅಂಟ್ರೋಗನಾ?" ಎಂದು ಕೇಳಿದರು. ಅವರ ಕಾರು ಬೀದಿ ತಿರುಗುವ ಮೊದಲೇ ನೀನು ನನ್ನ ಬ್ಯಾಗು ಸುರಿದೆ. ಆಫೀಸಿನಲ್ಲಿ ಯಾರದೋ ಹುಟ್ಟುಹಬ್ಬದ ಕೇಕು, ಅದರ ಕಾಗದ ಬ್ಯಾಗಿನ ತಳದಲ್ಲಿತ್ತು. "ಮನೇಲಿ ಪಥ್ಯ ಮಾಡ್ಸಿ ನಾನ್ ಸಾಯ್ತಿದೀನಿ, ನೀನು ಬೀದೀಲಿ ಕದ್ದು ತಿಂತೀಯಾ? ಆ ಮುಖ ಸರಿ ಮಾಡ್ಕಂಡು ಮನೆಗ್ ಬಾ" ಎಂದೆ. ಆ ಕೇಕನ್ನು ನಾನು ಪಕ್ಕದ ಮೇಜಿನವರಿಗೆ ಕೊಟ್ಟುಬಿಟ್ಟಿದ್ದೆ ಅಮ್ಮ. ಕೈ ಒರೆಸಿದ ಕಾಗದ ಅದು. ಹೇಳಿದರೆ ನೀನು ನಂಬುತ್ತಿರಲಿಲ್ಲ. ಆವತ್ತೇ ಹೊರಟುಬಿಟ್ಟೆ.

ಸುಧಾಮಣಿ ಅಕ್ಕ ನಮ್ಮ ಆಫೀಸಿನಲ್ಲಿ ನನಗಿಂತ ಹಿರಿಯರು. ಅವರ ಮನೆಯ ಮಹಡಿಯ ಕೋಣೆಯೇ ನನಗೀಗ ಮನೆ. ಬಂದ ಹೊಸದರಲ್ಲಿ ಮೆಡಿಕಲ್ ಶಾಪಿನಿಂದ ಸಿಕ್ಕ ಸಿಕ್ಕ ಕ್ರೀಮು ತಂದು ಹಚ್ಚಿದೆ. ಏಪ್ರಿಲ್‌ನಲ್ಲಿ ಮೆಟ್ಟಿಲು ಹತ್ತುತ್ತಿದ್ದವಳು ತಲೆ ಸುತ್ತಿ ಕೂತುಬಿಟ್ಟೆ. ಆ ಕ್ರೀಮುಗಳಿಂದಲೇ ಇರಬೇಕೆಂದು ಅಕ್ಕನೇ ಜಯನಗರದ ಚರ್ಮದ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದರು.

ಆ ಡಾಕ್ಟರ್ ವಯಸ್ಸಾದ ಹೆಂಗಸು. ನಾನು ಕೂತವಳೇ ಏನೇನು ತಿನ್ನುವುದಿಲ್ಲ ಎಂದು ಒಂದೇ ಉಸಿರಿಗೆ ಒಪ್ಪಿಸಿದೆ. ಅವರು ಪೂರ್ತಿ ಕೇಳಿಸಿಕೊಂಡು, "ಊಟದ ವಿಷ್ಯ ಆಮೇಲೆ ಮಾತಾಡೋಣಮ್ಮ. ನಿನ್ನ ಧ್ವನಿ ಮೊದ್ಲಿಂದ್ಲೂ ಹೀಗೇನಾ?" ಎಂದರು.

ನನಗೆ ಅಳು ಬಂತು. ಧ್ವನಿ ದಪ್ಪಗಾಗಿತ್ತು. ನೆಗಡಿ ಎಂದುಕೊಂಡಿದ್ದೆ. ಯುಗಾದಿಗೆ ನಿನಗೆ ಫೋನ್ ಮಾಡಿದಾಗ ನೀನು, "ಯಾರಪ್ಪಾ ನೀನು? ರಮ್ಯನ್ ಫೋನು ನಿನ್ ಕೈಗೆ ಹೆಂಗ್ ಬಂತು?" ಎಂದು ಗದರಿದೆಯಲ್ಲ, ಆ ಕಡೆ ಇದ್ದವಳು ನಾನೇ. ಕಟ್ ಮಾಡಿದೆ. ಆಮೇಲೆ ನಿನ್ನ ಜೊತೆ ಬರೀ ಮೆಸೇಜ್. ಮೊಡವೆ ಹೋದರೂ ಧ್ವನಿ ಮೊದಲಿನ ಹಾಗೆ ಆಗುವುದು ಕಷ್ಟವಂತೆ. ಫೋನ್ ಬಿಟ್ಟು ಕಾಗದ ಹಿಡಿದದ್ದು ಅದಕ್ಕೇ.

ಡಾಕ್ಟರ್ ಬಿಪಿ ನೋಡಿದರು. ನಿನಗಿಂತ ಜಾಸ್ತಿ ಇತ್ತು. ರಕ್ತ ಪರೀಕ್ಷೆಯಲ್ಲಿ ಗಂಡಸರಲ್ಲಿ ಹೆಚ್ಚಿಗೆ ಇರುವ ಹಾರ್ಮೋನು ನನ್ನಲ್ಲಿ ವಿಪರೀತ ಏರಿತ್ತು. ಸ್ಕ್ಯಾನ್ ಮಾಡಿದರು. ಎಡಗಡೆ ಕಿಡ್ನಿಯ ಮೇಲೆ ಒಂದು ಗ್ರಂಥಿ ಇರುತ್ತದಂತೆ, ಅದರಲ್ಲಿ ಗಂಟು ಬೆಳೆದಿತ್ತು. ಹಾರ್ಮೋನು ಸುರಿಯುತ್ತಿದ್ದದ್ದು ಅದು. ಮುಖದ ಮೇಲೆ ನಾವು ಬೇವು ಹಚ್ಚುತ್ತಿದ್ದಾಗ ಅದು ಒಳಗೆ ಬೆಳೆಯುತ್ತಿತ್ತು. ನೀನು ತಿನ್ನಿಸಿದ್ದರಿಂದಲೂ ಬಂದದ್ದಲ್ಲ, ಬಿಡಿಸಿದ್ದರಿಂದಲೂ ಹೋಗುವಂಥದ್ದಲ್ಲ.

ಮೇ ಕೊನೆಯಲ್ಲಿ ಆಪರೇಷನ್ ಆಯಿತು. ಅಪೆಂಡಿಕ್ಸ್ ಎಂದು ನಿನಗೆ ಹೇಳಲು ಅಪ್ಪನಿಗೆ ಹೇಳಿಕೊಟ್ಟವಳು ನಾನು. ನೀನು ಬರುವುದೂ ಬೇಡವೆಂದೆ. ಕೋಪವೆಂದು ನೀನು ತಿಳಿದುಕೊಂಡಿರಬಹುದು. ಸ್ವಲ್ಪ ಕೋಪವೂ ಇತ್ತು. ಆದರೆ ಗಡ್ಡದ ಕೂದಲು ಬಂದ ಮಗಳನ್ನು ಆಸ್ಪತ್ರೆಯ ಮಂಚದ ಮೇಲೆ ನೀನು ನೋಡುವುದು ನನಗೆ ಬೇಡವಾಗಿತ್ತು. ಗಂಟು ತೆಗೆದರು. ಆಮೇಲೆ ದಿನದಿನಕ್ಕೆ ಮೊಡವೆ ಒಣಗುತ್ತಾ ಬಂತು. ಕನ್ನಡಿ ನೋಡಿ ಖುಷಿಯಾಗಿ ಅಪ್ಪನ ಫೋನಿಗೆ ಫೋಟೋ ಕಳಿಸಿದೆ. ಅದೇ ನೀನು ಬೀದಿಗೆಲ್ಲ ತೋರಿಸಿದ ಫೋಟೋ.

ಈಗ ಸಿಂಚನಾ. ಇವತ್ತು ಬೆಳಿಗ್ಗೆ ಆ ಚರ್ಮದ ಡಾಕ್ಟರ್ ಹತ್ತಿರ ಅವಳ ಬಗ್ಗೆಯೇ ಕೇಳಿದೆ. ಹದಿನಾಲ್ಕು ವರ್ಷದ ಹುಡುಗಿಗೆ ಹಣೆ ಮೇಲೆ ನಾಲ್ಕು ಮೊಡವೆ ಬಂದರೆ ಅದು ಆ ವಯಸ್ಸಿನ ಲಕ್ಷಣ ಎಂದರು. ವಯಸ್ಸಿಗೆ ಬಂದಾಗ ಚರ್ಮದಲ್ಲಿ ಜಿಡ್ಡು ಹೆಚ್ಚುತ್ತದೆ, ಕೂದಲಿನ ಬುಡದ ರಂಧ್ರ ಮುಚ್ಚಿಕೊಳ್ಳುತ್ತದೆ, ಕೀವಾಗುತ್ತದೆ. ಅಪ್ಪ ಅಮ್ಮನಿಗೆ ಇದ್ದರೆ ಮಕ್ಕಳಿಗೂ ಬರುತ್ತದೆ. ಅಪ್ಪನ ಕೆನ್ನೆಯ ಮೇಲಿನ ಹಳೇ ಮೊಡವೆ ಕಲೆ ನೋಡು, ನಿನಗೇ ತಿಳಿಯುತ್ತದೆ. "ಹಾಗಾದ್ರೆ ಊಟಕ್ಕೂ ಮೊಡವೆಗೂ ಸಂಬಂಧಾನೇ ಇಲ್ವಾ ಮೇಡಂ?" ಎಂದೆ. "ಇಲ್ಲವೇ ಇಲ್ಲ ಅನ್ನಲ್ಲ. ಸಿಹಿ, ಮೈದಾ, ಬೇಕರಿ ತಿಂಡಿ, ಕೂಲ್‌ಡ್ರಿಂಕ್ ಜಾಸ್ತಿಯಾದ್ರೆ ಕೆಲವ್ರಿಗೆ ಹೆಚ್ಚಾಗುತ್ತೆ. ಹಾಲೂ ಕೆಲವ್ರಿಗೆ ಆಗಲ್ಲ. ಅದನ್ನ ಕಡಿಮೆ ಮಾಡಿ ನೋಡ್ಬಹುದು. ಆದ್ರೆ ಬೆಳೆಯೋ ಹುಡುಗಿಗೆ ಮೊಟ್ಟೆ, ಬೇಳೆ, ಒಗ್ಗರಣೆ ಎಲ್ಲಾ ನಿಲ್ಲಿಸಿ ಬರೀ ಮಜ್ಜಿಗೆ ಅನ್ನ ಹಾಕೋದು ಔಷಧಿ ಅಲ್ಲ, ಶಿಕ್ಷೆ" ಎಂದರು.

ಆದ್ದರಿಂದ ಅವಳಿಗೆ ಹೊಟ್ಟೆ ತುಂಬ ಊಟ ಹಾಕು. ಕೋಳಿ ಸಾರು ಮಾಡಿದ ದಿನ ಅವಳನ್ನು ಬೇರೆ ಕೂರಿಸಬೇಡ. ಮೊಡವೆ ಹಿಸುಕಬೇಡ ಎಂದು ಹೇಳು, ಕಲೆ ಉಳಿಯುತ್ತದೆ. ಹೆಚ್ಚಾದರೆ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗು. ಮುಟ್ಟು ನಿಂತರೆ, ಧ್ವನಿ ಬದಲಾದರೆ ನಿನಗೆ ಬಂದು ಹೇಳುವಷ್ಟು ಧೈರ್ಯ ಅವಳಿಗೆ ಇರಲಿ. ನನ್ನಂಥ ಗಂಟು ಲಕ್ಷದಲ್ಲಿ ಒಬ್ಬರಿಗೂ ಬರುವುದಿಲ್ಲವಂತೆ. ಅವಳಿಗೆ ಬರುತ್ತದೆ ಎಂದು ಹೆದರಬೇಡ. ಅವಳ ಬ್ಯಾಗು ಮಾತ್ರ ಯಾವತ್ತೂ ಸುರಿಯಬೇಡ ಅಮ್ಮ.

ಇದನ್ನು ಓದಿ ನೀನು ಗೋಡೆಗೆ ತಲೆ ಇಟ್ಟುಕೊಂಡು ಕೂರುತ್ತೀ ಎಂದು ಗೊತ್ತು. ಬೇಡ. ನಿನಗೆ ಗೊತ್ತಿದ್ದ ಔಷಧಿಯನ್ನು ನೀನು ಮಾಡಿದೆ. ಗೊತ್ತಿಲ್ಲದ್ದು ನಿನಗೊಬ್ಬಳಿಗೇ ಅಲ್ಲ, ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಾನೀಗ ಚೆನ್ನಾಗಿದ್ದೇನೆ. ಸಂಜೆ ಹೊತ್ತು ಅಕ್ಕನ ಜೊತೆ ಸ್ವಲ್ಪ ದೂರ ನಡೆಯುತ್ತೇನೆ.

ನಿನ್ನ ಮಗಳು
ರಮ್ಯ

ತಾ.ಕ.: ಕಾಗದ ಮಡಿಸಿ ಇಟ್ಟಿದ್ದೆ, ಮತ್ತೆ ಬಿಚ್ಚಿದೆ. ಚೆನ್ನಾಗಿದ್ದೇನೆ ಎಂದು ಬರೆದದ್ದು ಸುಳ್ಳು. ಕಿಡ್ನಿಯ ಮೇಲಿನ ಗಂಟು ಹೋಯಿತು, ಆದರೆ ಅದು ಕ್ಯಾನ್ಸರ್. ಎರಡೂ ಶ್ವಾಸಕೋಶದಲ್ಲಿ ಚಿಕ್ಕ ಚಿಕ್ಕದಾಗಿ ಕಾಣಿಸಿಕೊಂಡಿದೆ. ಸೋಮವಾರದಿಂದ ಮಾತ್ರೆ ಶುರು. ವಾಸಿಯಾಗುತ್ತದೆ ಎಂದು ಯಾವ ಡಾಕ್ಟರೂ ಇಲ್ಲಿಯವರೆಗೆ ಬಾಯಿ ಬಿಟ್ಟು ಹೇಳಿಲ್ಲ. ಅಪ್ಪನಿಗೆ ಗೊತ್ತು. ನಿನಗೆ ಹೇಳಲಾರದೆ, ಇಲ್ಲಿಗೆ ಬಂದಾಗಲೆಲ್ಲ ಮೆಟ್ಟಿಲ ಮೇಲೆ ಕೂತು ಅತ್ತು, ಮುಖ ತೊಳೆದುಕೊಂಡು ಮನೆಗೆ ಬರುತ್ತಾರೆ. ಅವರಿಗೆ ಏನೂ ಅನ್ನಬೇಡ. ಇದನ್ನು ಓದಿದ ಕೂಡಲೇ ಅವರ ಸ್ಕೂಟರ್ ಹಿಂದೆ ಕೂತುಕೊಂಡು ನೀನೂ ಬಾ ಅಮ್ಮ. ನನಗೆ ಭಯವಾಗುತ್ತಿದೆ.