ಇಪ್ಪತ್ತಮೂರು ಕೆಂಪು ಸುತ್ತುಗಳ ವಿಚಾರ

ಆಸ್ಪತ್ರೆಯ ಅರ್ಜಿ ಪರಿಶೀಲನಾಧಿಕಾರಿಗಳಾದ ಮಾನ್ಯರೇ,

ತಾವು ನನ್ನ ಅಕ್ಕನ ಅರ್ಜಿಯನ್ನು ಹನ್ನೊಂದು ಸಲ ವಾಪಸು ಕಳಿಸಿದ್ದೀರಿ. ಹನ್ನೊಂದು ಸಲವೂ ಆಕೆ ಕೇಳಿದ್ದು ಒಂದೇ: ಆಸ್ಪತ್ರೆಯ ಲಾಂಡ್ರಿಯಲ್ಲಿ ಒಂಬತ್ತು ವರ್ಷ ಹಂಗಾಮಿಯಾಗಿ ದುಡಿದಿದ್ದೇನೆ, ಖಾಯಂ ಮಾಡಿ. ತಾವು ಕೊಟ್ಟ ಉತ್ತರವೂ ಒಂದೇ: ಇಂಗ್ಲಿಷ್ ಸರಿಯಿಲ್ಲ. ಬರುವ ಗುರುವಾರಕ್ಕೆ ಗಡುವು ಮುಗಿಯುತ್ತದೆ. ಅಷ್ಟರಲ್ಲಿ ಅಂಗೀಕಾರವಾಗದವರ ಕೆಲಸ ಗುತ್ತಿಗೆದಾರನ ಪಾಲಾಗುತ್ತದೆ. ಆದ್ದರಿಂದ ಊರಿಗೆಲ್ಲ ಕೇಳಿಸುವಂತೆ, ಅತ್ಯಂತ ಗೌರವಪೂರ್ವಕವಾಗಿ, ತಮ್ಮ ಮೇಲೆ ಸೇಡು ತೀರಿಸಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ.

ತಮ್ಮ ಕಿಟಕಿಯ ಪಕ್ಕದಲ್ಲಿ ಗಾಜಿನ ಚೌಕಟ್ಟಿನೊಳಗೆ ಇಂಗ್ಲಿಷಿನಲ್ಲಿ ಬರೆದ ಒಂದು ಸುತ್ತೋಲೆ ಇದೆ. ಎಲ್ಲ ಅರ್ಜಿಗಳೂ ಅರ್ಜಿದಾರರ ಕೈಬರಹದಲ್ಲಿ, ದೋಷವಿಲ್ಲದ ಇಂಗ್ಲಿಷಿನಲ್ಲಿ ಇರತಕ್ಕದ್ದು, ದೋಷವಿದ್ದುದನ್ನು ಸ್ವೀಕರಿಸಲಾಗದು ಎಂದು ಅದು ಸಾರುತ್ತದೆ. ಕೆಳಗೆ ತಮ್ಮದೇ ಸಹಿ. ರೋಗಿಗಳ ಹೊದಿಕೆ ಒಗೆಯುವುದಕ್ಕೂ ಇಂಗ್ಲಿಷಿಗೂ ಏನು ಸಂಬಂಧ ಎಂದು ನಾನು ಕೇಳುವುದಿಲ್ಲ. ರಕ್ತದ ಕಲೆ ಭೂತಕಾಲದಲ್ಲಿದ್ದರೆ ಬೇಗ ಹೋಗುತ್ತದೆಯೋ ಏನೋ, ತಮಗೇ ಗೊತ್ತು.

ತಾವು ಕರುಣಾಳುಗಳು. ಬೆಳಿಗ್ಗೆ ಹನ್ನೊಂದು ಗಂಟೆಯಿಂದ ಹನ್ನೆರಡರವರೆಗೆ ಅದೇ ಕಿಟಕಿಯಲ್ಲಿ ಭಾಷೆಯ ಸಂದೇಹಗಳನ್ನು ಬಗೆಹರಿಸುತ್ತೀರೆಂದು ಬೋರ್ಡು ಹೇಳುತ್ತದೆ. ಅಕ್ಕ ಅರ್ಧ ದಿನ ರಜೆ ಹಾಕಿ ಹೋದಳು. ನಾನೂ ಜೊತೆಗಿದ್ದೆ.

“ಸಾರ್, ಒಂಬತ್ತು ವರ್ಷದಿಂದ ಅನ್ನೋಕೆ ಸಿನ್ಸ್ ಹಾಕಬೇಕಾ, ಫಾರ್ ಹಾಕಬೇಕಾ?”

“ಏನಮ್ಮಾ, ಇದೂ ಗೊತ್ತಿಲ್ವಾ? ಸಂದರ್ಭ ನೋಡ್ಕೊಂಡು ಹಾಕ್ಬೇಕು.”

“ಸಂದರ್ಭ ಇದೇ ಸಾರ್. ಒಂಬತ್ತು ವರ್ಷ.”

“ಅದನ್ನೇ ನೋಡ್ಕೋ ಅಂದಿದ್ದು. ಮುಂದಿನವರು ಬನ್ನಿ.”

ಐದನೇ ಅರ್ಜಿಯಲ್ಲಿ ಆಕೆ ಸಿನ್ಸ್ ಬರೆದಳು, ತಾವು ಕೆಂಪು ಸುತ್ತು ಹಾಕಿದಿರಿ. ಆರನೆಯದರಲ್ಲಿ ಫಾರ್ ಬರೆದಳು. ಅದಕ್ಕೂ ಸುತ್ತು! ಸರಿಯಾದ ಪದ ಯಾವುದೆಂದು ತಾವು ಯಾವತ್ತೂ ಬರೆದವರಲ್ಲ. ಸುತ್ತು ಹಾಕುವುದಷ್ಟೇ ತಮ್ಮ ಧರ್ಮ, ಇಡೀ ಪುಟ ಮತ್ತೆ ಕೈಯಲ್ಲಿ ಬರೆಯುವುದು ಅರ್ಜಿದಾರರ ಕರ್ಮ.

ಅಷ್ಟು ಹೊತ್ತಿಗೆ ಲಾಂಡ್ರಿಯಲ್ಲಿ ಅಕ್ಕನ ಪಾಠ ಜಗಜ್ಜಾಹೀರಾಗಿತ್ತು. ಇಸ್ತ್ರಿ ಯಂತ್ರದ ಕಂಬಕ್ಕೆ ಚೀಟಿ ಅಂಟಿಸಿಕೊಂಡು, ಹೊದಿಕೆಯ ಎರಡು ಮೂಲೆ ಹಿಡಿದು ಉರುಳೆಗೆ ಕೊಡುತ್ತಲೇ ಗಟ್ಟಿ ಹೊಡೆಯುತ್ತಿದ್ದಳು. ಎದುರು ಬದಿಯಲ್ಲಿ ಮಡಚುವ, ಲಾಂಡ್ರಿಯವರೆಲ್ಲ ದೊಡ್ಡಕ್ಕ ಎನ್ನುವ ಹಿರಿಯ ಕೆಲಸದವಳಿಗೆ ಅದೇ ಮನರಂಜನೆ.

“ಏನಮ್ಮಾ ಪಂಡಿತೆ, ಈಗ ಬರ್ತಿರೋದು ಎ ಬೆಡ್‌ಶೀಟಾ, ದಿ ಬೆಡ್‌ಶೀಟಾ?”

“ಹರಿದಿದ್ರೆ ಎ, ಚೆನ್ನಾಗಿದ್ರೆ ದಿ. ಸುಮ್ನೆ ಮಡಚಕ್ಕಾ.”

ಹೀಗೆ ನಗಾಡುತ್ತಿದ್ದವಳು ಹತ್ತನೇ ಅರ್ಜಿ ವಾಪಸು ಬಂದ ದಿನ ನಗಲಿಲ್ಲ. ಅಡುಗೆಮನೆಯ ಕಟ್ಟೆಗೆ ಒರಗಿ ನಿಂತು, ಹತ್ತೂ ಹಾಳೆಗಳನ್ನು ಸಾಲಾಗಿ ಹರಡಿ, “ನಾನೇ ದಡ್ಡಿ ಕಣೋ. ಇಷ್ಟು ವರ್ಷ ಗೊತ್ತಾಗಿರಲಿಲ್ಲ ಅಷ್ಟೇ” ಅಂದಳು. ಮಾನ್ಯರೇ, ಆಕೆ ಬಟ್ಟೆ ಮುಟ್ಟಿ ನೋಡಿಯೇ ಅದು ಯಾವ ವಾರ್ಡಿನದು, ಎಷ್ಟು ಸಲ ಒಗೆದದ್ದು ಎಂದು ಹೇಳಬಲ್ಲವಳು. ನನ್ನನ್ನು ಲೆಕ್ಕದಲ್ಲಿ ಪಾಸು ಮಾಡಿಸಿದವಳು. ಅಂಥವಳ ಬಾಯಲ್ಲಿ ಆ ಮಾತು ಹೊರಡಿಸಿದಿರಲ್ಲ, ಅದನ್ನು ನಾನು ಮರೆಯುವುದಿಲ್ಲ. ಚಿಕ್ಕಂದಿನಿಂದ ನನ್ನ ಕಿತಾಪತಿಗಳಿಗೆ ಮನೆಯಲ್ಲಿ ಬೈಗುಳ ಬಿಟ್ಟರೆ ಬೇರೆ ಪುರಸ್ಕಾರ ಸಿಕ್ಕಿರಲಿಲ್ಲ. ಅವತ್ತು ಅವಕ್ಕೊಂದು ಘನ ಉದ್ದೇಶ ಒದಗಿತು.

ಹನ್ನೊಂದನೆಯದೂ ವಾಪಸು ಬಂದ ಮೇಲೆ, ಕಳೆದ ಬುಧವಾರ, ನಾನು ತಮ್ಮ ಟ್ರೇಯಲ್ಲಿ ಒಂದು ಅರ್ಜಿ ಇಟ್ಟೆ. ಹುದ್ದೆ: ಹಂಗಾಮಿ ಸಹಾಯಕ. ಕೈಬರಹ ನನ್ನದು, ಹೆಸರು ನನ್ನದು. ಒಳಗಿನ ಮಾತು ಮಾತ್ರ ಅಕ್ಷರ ಬಿಡದೆ ತಮ್ಮದು. ಗಾಜಿನ ಚೌಕಟ್ಟಿನ ಆ ಸುತ್ತೋಲೆಯನ್ನು, ಅಲ್ಪವಿರಾಮ ಸಮೇತ, ಅದರ ಮುಂದೆಯೇ ನಿಂತು ನಕಲು ಮಾಡಿದ್ದೆ. ಕಾವಲುಗಾರ, “ಏನಪ್ಪಾ, ಇದನ್ನ ಪೂರ್ತಿ ಓದಿದೋನು ನೀನೇ ಮೊದ್ಲು” ಅಂತ ಬೆನ್ನು ತಟ್ಟಿದ. ಪಾಪ, ಅವನಿಗೇನು ಗೊತ್ತು, ಬರೆದವರೂ ಓದಿಲ್ಲವೆಂದು!

ಶುಕ್ರವಾರ ಹಾಳೆ ವಾಪಸು ಬಂತು. ಇಪ್ಪತ್ತಮೂರು ಕೆಂಪು ಸುತ್ತು. “ದೋಷವಿದ್ದುದನ್ನು ಸ್ವೀಕರಿಸಲಾಗದು” ಎಂಬ ವಾಕ್ಯವೊಂದಕ್ಕೇ ನಾಲ್ಕು. ಕೆಲಸ ಕೇಳಬೇಕಾದ ಅರ್ಜಿ ತಮಗೇ ಆಜ್ಞೆ ಮಾಡುತ್ತಿದೆಯಲ್ಲ ಎಂದು ಕೂಡ ತಮಗೆ ಅನ್ನಿಸಲಿಲ್ಲ. ಅಡಿಯಲ್ಲಿ ತಮ್ಮ ಷರಾ: “ಭಾಷೆ ತೀರಾ ಕಳಪೆ. ಅರ್ಥವಾಗುವುದಿಲ್ಲ. ತಿರಸ್ಕರಿಸಲಾಗಿದೆ.” ಸಹಿ, ತಾರೀಖು, ದುಂಡನೆಯ ಮೊಹರು. ಅಕ್ಕನ ಹನ್ನೊಂದು ಅರ್ಜಿಗಳಲ್ಲಿ ಯಾವುದಕ್ಕೂ ಹದಿನಾಲ್ಕಕ್ಕಿಂತ ಹೆಚ್ಚು ಸುತ್ತು ಬಿದ್ದಿರಲಿಲ್ಲ. ತಮ್ಮದೇ ಅಳತೆಯಲ್ಲಿ ತಮಗಿಂತ ಅವಳ ಇಂಗ್ಲಿಷ್ ಒಂಬತ್ತು ಸುತ್ತು ಮೇಲು!

ಹಾಳೆ ತೋರಿಸಿದಾಗ ಅಕ್ಕ ಮೊದಲು ತಲೆಗೊಂದು ಬಿಟ್ಟಳು. “ಲೋ, ಇದ್ದ ಕೆಲಸಾನೂ ಕಳೀತೀಯಾ?” ಆಮೇಲೆ ಸುತ್ತುಗಳನ್ನು ಬೆರಳಿಟ್ಟು ಎಣಿಸಿದಳು. ಎಣಿಸಿ ಮುಗಿಸಿ, “ಇವ್ರಿಗೇನೂ ಬರಲ್ವಲ್ಲೋ!” ಅಂದಳು. ಈ ಪತ್ರವನ್ನು ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ನನ್ನ ಮನಸ್ಸು ಅಷ್ಟು ದೊಡ್ಡದಲ್ಲ.

ಆದ್ದರಿಂದ ನನ್ನ ಬೇಡಿಕೆ ಕೇಳಿ. ಇಂಗ್ಲಿಷಿನಲ್ಲಿ ದೋಷವಿರಬಾರದೆಂಬ ನಿಯಮ ಇರುವುದು ಆ ಸುತ್ತೋಲೆಯೊಂದರಲ್ಲೇ. ಆ ಸುತ್ತೋಲೆಯ ಪ್ರತಿ ಮಾತನ್ನೂ ತಾವೇ ಪರಿಶೀಲಿಸಿ, ಅರ್ಥವಾಗುವುದಿಲ್ಲವೆಂದು ಬರೆದು, ಮೊಹರು ಒತ್ತಿ ತಿರಸ್ಕರಿಸಿದ್ದೀರಿ. ತಮಗೇ ಅರ್ಥವಾಗದ ನಿಯಮವನ್ನು ಲಾಂಡ್ರಿಯವಳು ಪಾಲಿಸಬೇಕೇ? ಗುರುವಾರ ಸಂಜೆ ಐದರೊಳಗೆ ಚೌಕಟ್ಟಿನಿಂದ ಆ ಕಾಗದ ತೆಗೆಯಿರಿ, ಅಕ್ಕನ ಮೊದಲನೇ ಅರ್ಜಿಯನ್ನು ಅದು ಬಂದ ದಿನದಿಂದಲೇ ಅಂಗೀಕರಿಸಿ. ಇಲ್ಲವೇ ತಮ್ಮ ಮೊಹರು ಸುಳ್ಳೆಂದು ಬರೆದುಕೊಡಿ. ಯಾವ ಭಾಷೆಯಲ್ಲಿ ಬರೆದರೂ ಸರಿ, ತಪ್ಪು ಹುಡುಕುವುದಿಲ್ಲ.

ಇಂತಿ,
ತಮ್ಮಿಂದ ಶುಕ್ರವಾರ ತಿರಸ್ಕೃತನಾದ,
ಹಂಗಾಮಿ ಸಹಾಯಕನ ಕೆಲಸವೂ ಸಿಗದ ನತದೃಷ್ಟ