ಮೋಡ ನೋಡಿ ಕೊಂಡ ಕ್ಯಾರವಾನ್

ಡಾಂಕಾಸ್ಟರ್,
ಸೋಮವಾರ

ಅಮ್ಮಾ,

ಕ್ಯಾರವಾನ್ ಕೊಂಡೆ, ಇನ್ನು ಆ ಗಾಡಿಯೇ ನನ್ನ ಮನೆ. ಹೊಸದು, ಹಾಲಿನ ಹಾಗೆ ಬೆಳ್ಳಗಿದೆ. ನಿನ್ನಳಿಯ ತೀರಿಕೊಂಡ ಮೇಲೆ ನಮ್ಮ ಅಲೆಮಾರಿ ಜನರ ಪದ್ಧತಿಯಂತೆ ನಾವಿಬ್ಬರೂ ಇದ್ದ ಅವರ ಗಾಡಿಯನ್ನೂ ಸುಟ್ಟೆವಲ್ಲ, ತಂಗಿಯ ಗಾಡಿಯಲ್ಲಿ ಇನ್ನೆಷ್ಟು ದಿನ ಅಂತ ಮಲಗಲಿ? ಹೋದವರ ಹೆಸರೆತ್ತಬಾರದು, ಎತ್ತುವುದಿಲ್ಲ.

ಚೌಕಾಸಿ ಮಾಡುವಾಗ ಗಾಡಿ ನೋಡಬೇಡ, ಆಕಾಶ ನೋಡು ಅಂತ ಅವರೇ ಅನ್ನುತ್ತಿದ್ದರು. ಹಾಗೇ ಮಾಡಿದೆ. ಮೋಡವೊಂದು ನಮ್ಮ ಕಂದು ಕುದುರೆಯ ಹಾಗೆ ಕತ್ತು ಬಗ್ಗಿಸಿಕೊಂಡು ಹೋಗುತ್ತಿತ್ತು. ಅದರ ಹಿಂದೆಯೇ ನಾನೂ ಹೋಗಿಬಿಟ್ಟೆ. ಆ ಬೇಸಿಗೆ, ಆ ಹೊಳೆದಂಡೆ, ಅವರ ಶಿಳ್ಳೆ. ಟೈ ಕಟ್ಟಿದ ಅಂಗಡಿಯವನು ನಾನು ಜಗ್ಗುತ್ತಿಲ್ಲ ಅಂದುಕೊಂಡು ಬೆಲೆ ಇಳಿಸುತ್ತಲೇ ಇದ್ದ. "ಇನ್ನೂ ಇಳಿಸಿದ್ರೆ ನನ್ನ ಕೆಲಸ ಹೋಗುತ್ತೆ ಮೇಡಂ" ಅಂದಾಗಲೇ ನನಗೆ ಎಚ್ಚರ. ಅಂಗೈಗೆ ಅಂಗೈ ಬಡಿದು ವ್ಯಾಪಾರ ಮುಗಿಸಿದೆ. ಅದೃಷ್ಟಕ್ಕೆ ಅಂತ ಒಂದು ನಾಣ್ಯ ವಾಪಸ್ ಕೇಳಿದರೆ ಕಣ್ಣುಕಣ್ಣು ಬಿಟ್ಟ. ಪಾಪ, ಕೊಟ್ಟ.

ಬರುವಾಗ ಚಹಾದ ಕೆಟಲ್ ಒಂದು ತಾ. ಹಳೆಯದೂ ಬೆಂಕಿಗೆ ಹೋಯಿತು.

ಅವರು ಜೊತೆಗಿದ್ದಿದ್ದರೆ ಇಷ್ಟು ಅಗ್ಗಕ್ಕೆ ಸಿಗುತ್ತಿರಲಿಲ್ಲಮ್ಮ. ಅಷ್ಟು ಹೊತ್ತು ಬಾಯಿ ಮುಚ್ಚಿಕೊಂಡಿರುವ ಜಾಯಮಾನ ಅವರದಲ್ಲ.

ನಿನ್ನ ಮಗಳು,
ಕೆಜಾಯಾ